ಹಿಡ್ದು ಝೂಗೆ ಹಾಕ್ರಿ

ಹಾಸನದ ಕಡೆ ಊರೊಳಗೆ ಯಾವ ಕಾಡುಪ್ರಾಣಿ ಕಾಣಿಸಿಕೊಂಡರೂ ಜನ ಫಾರೆಸ್ಟ್‌ನವರಿಗೆ ಹೇಳೋ ಮಾತು ಒಂದೇ: ‘ಹಿಡ್ದು ಝೂಗೆ ಹಾಕ್ರಿ ಸಾ ಅತ್ಲಾಗೆ.’ ಚನ್ನರಾಯಪಟ್ಟಣದ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡರೂ ಇದೇ ಮಾತು, ಅರಕಲಗೂಡಿನ ಶುಂಠಿ ಹೊಲದ ಬದುವಲ್ಲಿ ಹೆಬ್ಬಾವು ಸುತ್ತಿಕೊಂಡು ಮಲಗಿದ್ದರೂ ಇದೇ ಮಾತು, ಆಲೂರು–ಸಕಲೇಶಪುರದ ಕಾಫಿ ತೋಟಕ್ಕೆ ಆನೆ ಇಳಿದರೂ ಇದೇ ಮಾತು.

ಈ ಮಾತಲ್ಲಿ ಸಿಟ್ಟಿದೆ, ಭಯ ಇದೆ. ಆದರೆ ‘ಕೊಂದು ಹಾಕಿ’ ಅನ್ನೋ ಕ್ರೌರ್ಯ ಇಲ್ಲ. ಹೇಳುವವರ ಮನಸ್ಸಲ್ಲಿ ಝೂ ಅಂದ್ರೆ ಒಳ್ಳೇ ಜಾಗ. ಹೊಳೆನರಸೀಪುರದ ನನ್ನ ಸೋದರಮಾವ ಇದನ್ನ ಇನ್ನೂ ಚೆನ್ನಾಗಿ ಹೇಳ್ತಾರೆ. ಅವರ ಲೆಕ್ಕದಲ್ಲಿ ಝೂಗೆ ಹೋದ ಚಿರತೆ ಅಂದ್ರೆ ಸರ್ಕಾರಿ ಕೆಲಸ ಸಿಕ್ಕಿದ ಹುಡುಗ ಇದ್ದಂಗೆ. ‘ಹೊತ್ತೊತ್ಗೆ ಊಟ, ಕ್ವಾರ್ಟ್ರಸ್ಸು, ಡಾಕ್ಟ್ರು, ವಾರಕ್ಕೊಂದ್ ರಜ. ಇನ್ನೇನ್ ಬೇಕವ್ವ ಅದ್ಕೆ?’

ವಾರಕ್ಕೊಂದು ರಜ ಅನ್ನೋದು ನಿಜವೇ. ಮೈಸೂರು ಝೂಗೆ ಮಂಗಳವಾರ ರಜ. ನಮ್ಮ ದೇಶದ ಬಹಳಷ್ಟು ಝೂಗಳಲ್ಲಿ ಹುಲಿ, ಸಿಂಹ, ಚಿರತೆಗಳಿಗೆ ವಾರದಲ್ಲಿ ಒಂದು ದಿನ ಉಪವಾಸ ಕೂಡ ಇರುತ್ತೆ. ಕಾಡಲ್ಲಿ ಅವಕ್ಕೆ ದಿನಾ ಬೇಟೆ ಸಿಗಲ್ಲ, ಹೊಟ್ಟೆಗೆ ಆ ಬಿಡುವು ಬೇಕು ಅನ್ನೋ ಕಾರಣಕ್ಕೆ. ಇದನ್ನ ಮಾವನಿಗೆ ಹೇಳಿದಾಗ ‘ನಿಮ್ಮತ್ತೆ ಏಕಾದಶಿ ಮಾಡ್ದಂಗೆ’ ಅಂದು ನಕ್ಕರು.

ನಮ್ಮ ಜನರ ತಲೆಯಲ್ಲಿ ಝೂನ ಈ ಚಿತ್ರ ಎಲ್ಲಿಂದ ಬಂತು ಅಂತ ಹುಡುಕಬೇಕಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಯಾವ ಸ್ಕೂಲಲ್ಲಿ ಓದಿದವರನ್ನ ಕೇಳಿದರೂ ಪ್ರವಾಸ ಅಂದ್ರೆ ಮೈಸೂರು. ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು, ಡಬ್ಬಿಯಲ್ಲಿ ಪುಳಿಯೋಗರೆ, ದಾರಿಯಲ್ಲಿ ಇಬ್ಬರಿಗೆ ವಾಂತಿ, ಹತ್ತು ಗಂಟೆಗೆ ಝೂ. ಆಮೇಲೆ ಅರಮನೆ, ಬೆಟ್ಟ, ಸಂಜೆ ಕೆಆರ್‌ಎಸ್‌ನಲ್ಲಿ ಲೈಟು. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ಆ ಝೂ ನಮ್ಮೂರುಗಳ ನಾಲ್ಕು ತಲೆಮಾರಿಗೆ ಜಿರಾಫೆ ತೋರಿಸಿದೆ. ಮೇಷ್ಟ್ರು ಎರಡೆರಡು ಸಾಲು ಮಾಡಿಸಿ ನಡೆಸಿಕೊಂಡು ಹೋಗೋರು. ಮಲಗಿದ್ದ ಹುಲಿ ಎದ್ದರೆ ನಮ್ಮ ಪ್ರವಾಸದ ದುಡ್ಡು ವಸೂಲಿ. ಈ ಪ್ರಾಣಿ ಇಲ್ಲಿಗೆ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಆ ಪ್ರಶ್ನೆ ನನ್ನ ತಲೆಗೆ ಬಂದದ್ದು ಚಿಕ್ಕಪ್ಪನ ಗದ್ದೆಯಲ್ಲಿ ಚಿರತೆ ಬೋನಿಗೆ ಬಿದ್ದ ವರ್ಷ. ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನ ನಾಲೆ ಬಯಲಿನದು. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ನಾಲೆಗೆ ನೀರು ಬಿಟ್ಟ ಮೇಲೆ ರಾಗಿ ಬೆಳೀತಿದ್ದ ಎಷ್ಟೋ ನೆಲ ಕಬ್ಬು, ತೆಂಗು ಕಂಡಿತು. ಚಿರತೆಗೆ ಕಬ್ಬಿನ ಗದ್ದೆಗಿಂತ ಒಳ್ಳೇ ಮನೆ ಇಲ್ಲ. ಹತ್ತು ಹನ್ನೆರಡು ತಿಂಗಳು ಯಾರೂ ಒಳಗೆ ಹೋಗಲ್ಲ, ನೆಳ್ಳು, ನೀರು, ಇಲಿ, ಹಂದಿ, ಊರಂಚಲ್ಲಿ ನಾಯಿ. ನಮ್ಮೂರಲ್ಲಿ ಆ ವರ್ಷ ಮೂರು ನಾಯಿ, ಒಂದು ಕರು ಹೋದವು. ಜನ ಗಲಾಟೆ ಮಾಡಿದರು. ಬೋನು ಬಂತು. ಬೋನಿನ ಒಳಗಡೆ ಇನ್ನೊಂದು ಚಿಕ್ಕ ಗೂಡು, ಅದರಲ್ಲಿ ಒಂದು ನಾಯಿ. ನಾಲ್ಕು ರಾತ್ರಿ ಆ ನಾಯಿ ಕೂಗಿತು. ಐದನೇ ದಿನ ಬೆಳಗ್ಗೆ ಚಿರತೆ ಒಳಗಿತ್ತು.

ನಾನು ಹಬ್ಬಕ್ಕೆ ಅಂತ ಊರಿಗೆ ಹೋಗಿದ್ದೆ. ನಾವು ಹೋಗೋ ಹೊತ್ತಿಗೆ ಅಲ್ಲಿ ಮೂರು ಊರಿನ ಜನ. ಬೋನಿನ ಕಂಬಿ ಹತ್ತಿರ ಮೊಬೈಲ್ ಹಿಡಿದ ಕೈಗಳು. ಒಬ್ಬ ಕೋಲಲ್ಲಿ ತಿವೀತಿದ್ದ, ಅದು ಎಗರಿದಾಗಲೆಲ್ಲ ಜನ ಹೋ ಅಂತಿದ್ದರು. ಚಿರತೆ ಕಂಬಿಗೆ ತಲೆ ಗುದ್ದಿ ಗುದ್ದಿ ಹಣೆಯ ಚರ್ಮ ಕಿತ್ತು ಬಂದಿತ್ತು. ಕಂಬಿ ಕಚ್ಚಿ ಒಂದು ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು. ಕೊನೆಗೆ ಒಬ್ಬ ಗಾರ್ಡ್ ಜನರನ್ನ ಬೈದು ದೂರ ತಳ್ಳಿ ಬೋನಿನ ಮೇಲೆ ಟಾರ್ಪಾಲು ಎಳೆದರು. ಎರಡು ನಿಮಿಷಕ್ಕೆ ಸದ್ದು ನಿಂತಿತು. ಅಷ್ಟೇ ಬೇಕಾಗಿತ್ತು ಅದಕ್ಕೆ, ಕತ್ತಲು.

ಬೋನು ಗಾಡಿಗೆ ಏರಿಸುವಾಗ ಅಕ್ಕನ ಮಗ ಕೇಳಿದ, ‘ಅಂಕಲ್, ಯಾವ ಝೂಗೆ?’

ಗಾರ್ಡ್ ನಕ್ಕರು. ‘ಝೂಗೆ ಎಲ್ಲಾನೂ ಹಾಕಕ್ಕಾಯ್ತದಾ ಮರಿ? ಮೊದ್ಲು ಡಾಕ್ಟ್ರು ನೋಡ್ಬೇಕು. ಆಮೇಲೆ ಮೇಲಿನವ್ರು ಹೇಳ್ದಂಗೆ.’

ಮೇಲಿನವರು ಏನು ಹೇಳ್ತಾರೆ? ನಾನು ಬೆಂಗಳೂರಿಗೆ ಬಂದ ಮೇಲೆ ಕೂತು ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಇದನ್ನ ನೇರವಾಗಿ ಹೇಳುತ್ತೆ. ಹಿಡಿದ ಪ್ರಾಣಿಯನ್ನ ಮತ್ತೆ ಕಾಡಲ್ಲಿ ನೆಲೆಗೊಳಿಸೋಕೆ ಆಗಲ್ಲ ಅಂತ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್‌ಗೆ ಮನವರಿಕೆ ಆಗದ ಹೊರತು ಅದನ್ನ ಬಂಧನದಲ್ಲಿ ಇಡುವ ಹಾಗಿಲ್ಲ. ಅಂದ್ರೆ ಕಾಯ್ದೆಯ ಕಣ್ಣಲ್ಲಿ ಬಂಧನ ಕಟ್ಟಕಡೆಯ ದಾರಿ. ನಮ್ಮೂರ ಜನರ ಬಾಯಲ್ಲಿ ಅದು ಮೊದಲನೇ ದಾರಿ.

ಹಾಗಾದ್ರೆ ಹಿಡಿದು ಬೇರೆ ಕಾಡಿಗೆ ಬಿಟ್ಟರಾಯ್ತಲ್ಲ ಅನ್ನಬಹುದು. ಅದನ್ನ ಮಾಡಿ ನೋಡಿದವರಿದ್ದಾರೆ. ಪುಣೆ ಜಿಲ್ಲೆಯ ಜುನ್ನರ್ ನಮ್ಮ ಚನ್ನರಾಯಪಟ್ಟಣದ ಹಾಗೇ, ಅಣೆಕಟ್ಟಿನ ನೀರು ಬಂದ ಮೇಲೆ ಕಬ್ಬಿನ ಬಯಲಾದ ಜಾಗ. 2001ರಿಂದ 2003ರ ಮಧ್ಯೆ ಅಲ್ಲಿ 100ಕ್ಕೂ ಹೆಚ್ಚು ಚಿರತೆ ಹಿಡಿದರು, ಎಷ್ಟನ್ನೋ ದೂರದ ಕಾಡುಗಳಿಗೆ ಬಿಟ್ಟರು. ಅದೇ ವರ್ಷಗಳಲ್ಲಿ ಮನುಷ್ಯರ ಮೇಲಿನ ದಾಳಿ ಇಳಿಯೋ ಬದಲು ಏರಿತು. ಇದನ್ನ ಅಧ್ಯಯನ ಮಾಡಿದ ವಿಜ್ಞಾನಿ ವಿದ್ಯಾ ಅಥ್ರೇಯ ಹೇಳೋದು ಇಷ್ಟು: ತನ್ನ ಜಾಗ ಗೊತ್ತಿರೋ ಚಿರತೆ ಮನುಷ್ಯರಿಂದ ತಪ್ಪಿಸಿಕೊಂಡು ಬದುಕೋದನ್ನ ಕಲಿತಿರುತ್ತೆ. ಅದನ್ನ ಕಿತ್ತು ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ಅದಕ್ಕೆ ದಾರಿ ಗೊತ್ತಿಲ್ಲ, ಅಲ್ಲಿನ ಜನರಿಗೂ ಅದು ಗೊತ್ತಿಲ್ಲ. ಇತ್ತ ಖಾಲಿಯಾದ ಗದ್ದೆಗೆ ಇನ್ನೊಂದು ಚಿರತೆ ಬಂದು ಸೇರುತ್ತೆ. ಬಾಡಿಗೆ ಮನೆ ಖಾಲಿ ಬಿದ್ದಿರುತ್ತಾ ಹೇಳಿ.

ಇನ್ನು ಉಳಿಯೋದು ಮಾವ ಹೇಳಿದ ಸರ್ಕಾರಿ ಕೆಲಸ. ಗಾಯ ಆದದ್ದು, ಹಲ್ಲು ಹೋದದ್ದು, ಮನುಷ್ಯರ ಮೇಲೆ ಬಿದ್ದದ್ದು, ಇಂಥವು ಮೈಸೂರಿನ ಹತ್ತಿರ ಕೂರ್ಗಳ್ಳಿಯಲ್ಲಿರೋ ಝೂನ ಪುನರ್ವಸತಿ ಕೇಂದ್ರಕ್ಕೋ ಬನ್ನೇರುಘಟ್ಟದ ಕೇಂದ್ರಕ್ಕೋ ಹೋಗ್ತವೆ. ಕೂರ್ಗಳ್ಳಿಗೆ ನೀವು ಟಿಕೆಟ್ ತಗೊಂಡು ಹೋಗೋಕಾಗಲ್ಲ. ಝೂ ಅಂದ್ರೆ ನಾವು ನೋಡೋ ಮುಂಭಾಗ. ನಮ್ಮ ಕಡೆಯಿಂದ ಹೋಗೋ ಪ್ರಾಣಿ ಇರೋದು ಅದರ ಹಿಂಭಾಗದಲ್ಲಿ.

ಅಲ್ಲಿ ಒಂದು ಚಿರತೆ ಅಂದ್ರೆ ಎಷ್ಟು ಕೆಲಸ ನೋಡಿ. ಬಂಧನದಲ್ಲಿ ಅದು ಹದಿನೈದು–ಇಪ್ಪತ್ತು ವರ್ಷ ಬದುಕುತ್ತೆ. ದಿನಕ್ಕೆ ಮೂರು ಕೆಜಿ ಮಾಂಸ ಅಂತ ಹಿಡಿದರೂ, ಉಪವಾಸದ ದಿನ ಕಳೆದು, ವರ್ಷಕ್ಕೆ ಒಂದು ಟನ್ ಹತ್ತಿರ. ಬೆಳಗ್ಗೆ ಪ್ರಾಣಿಪಾಲಕ ಬಂದು ಮೊದಲು ನೋಡೋದು ಊಟದ ತಟ್ಟೆ ಅಲ್ಲ, ಲದ್ದಿ. ಗಟ್ಟಿಯಾ, ನೀರಾ, ಹುಳ ಇದೆಯಾ. ನಿನ್ನೆ ಹಾಕಿದ ಮಾಂಸದಲ್ಲಿ ಎಷ್ಟು ಉಳಿದಿದೆ. ನಡೆಯುವಾಗ ಒಂದು ಕಾಲು ಎಳೀತಾ ಇದೆಯಾ. ಕಾಡುಪ್ರಾಣಿ ತನಗೆ ಹುಷಾರಿಲ್ಲ ಅಂತ ತೋರಿಸಿಕೊಳ್ಳಲ್ಲ, ತೋರಿಸಿಕೊಂಡರೆ ಕಾಡಲ್ಲಿ ಅದರ ಕತೆ ಮುಗಿದ ಹಾಗೆ. ಅದಕ್ಕೇ ಅದು ಮಲಗಿ ಬಿಡೋಕೆ ಮುಂಚೆ ಗುರುತು ಹಿಡಿಯೋ ಕಣ್ಣು ಬೇಕು. ಆ ಕಣ್ಣು ಇರೋದು ಡಾಕ್ಟರಿಗಿಂತ ಹೆಚ್ಚಾಗಿ ದಿನಾ ನೋಡೋ ಪಾಲಕನಿಗೆ. ಮೈ ಮುಟ್ಟಿ ಇಂಜೆಕ್ಷನ್ ಕೊಡಬೇಕಾದರೆ ಒಂದು ಕಡೆಯ ಗೋಡೆ ಸರಿಸಿ ಪ್ರಾಣಿಯನ್ನ ಅಲುಗಾಡದ ಹಾಗೆ ಒತ್ತಿ ನಿಲ್ಲಿಸೋ ಬೋನು ಬೇಕು. ಇಲ್ಲಾಂದ್ರೆ ಪ್ರತಿ ಸಲ ಅರಿವಳಿಕೆ, ಪ್ರತಿ ಸಲ ಅಪಾಯ.

ಇಷ್ಟೆಲ್ಲ ಇದ್ದೂ ಕೆಲವೊಮ್ಮೆ ಕೈಮೀರುತ್ತೆ. 2023ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳು ಬೆಕ್ಕಿನ ಜಾತಿಗೆ ಬರೋ ಪ್ಯಾನ್‌ಲ್ಯುಕೋಪೀನಿಯಾ ವೈರಸ್ಸಿಗೆ ಸತ್ತವು, ಅದೂ ಲಸಿಕೆ ಹಾಕಿದ್ದ ಮರಿಗಳು. ಕಾಡಲ್ಲಿ ಮೈಲಿಗೊಂದು ಇರೋ ಪ್ರಾಣಿಗಳು ಒಂದೇ ಸೂರಿನಡಿ ಸೇರಿದಾಗ ರೋಗಕ್ಕೆ ಗೋಡೆ ದಾಟೋದು ಸುಲಭ. ನಾವು ಕೊರೋನಾದಲ್ಲಿ ಕಲಿತ ಪಾಠವೇ. ‘ಇನ್ನೂ ಒಂದು ಹಾಕ್ರಿ’ ಅಂತ ನಾವು ಹೇಳಿದಾಗಲೆಲ್ಲ ಆ ಸೂರಿನಡಿ ಒಂದು ಹೆಚ್ಚಾಗುತ್ತೆ.

ಊಟ, ಡಾಕ್ಟರು ಎರಡೂ ಸರಿಯಾಗಿದ್ದರೂ ಮೂರನೇದೊಂದು ಇದೆ. ಝೂನಲ್ಲಿ ಹುಲಿಯೋ ಚಿರತೆಯೋ ಒಂದೇ ಗೆರೆಯ ಮೇಲೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ, ಗಂಟೆಗಟ್ಟಲೆ ಓಡಾಡೋದನ್ನ ನೀವು ನೋಡಿರ್ತೀರಿ. ಅಕ್ಕನ ಮಗ ‘ಚಿಕ್ಕಿ, ಅದು ವಾಕಿಂಗ್ ಮಾಡ್ತಿದೆ’ ಅಂದಿದ್ದ. ವಾಕಿಂಗ್ ಅಲ್ಲ. ಮಾಡೋಕೆ ಬೇರೇನೂ ಇಲ್ಲದ ಮೆದುಳು ಹಿಡಿಯೋ ದಾರಿ ಅದು. 2003ರಲ್ಲಿ ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಅನ್ನೋ ಇಬ್ಬರು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದೇ: ಕಾಡಲ್ಲಿ ಹೆಚ್ಚು ದೂರ ಸುತ್ತಾಡೋ ಮಾಂಸಾಹಾರಿಗಳು ಬಂಧನದಲ್ಲಿ ಹೆಚ್ಚು ಹೀಗೆ ಓಡಾಡ್ತವೆ, ಅವುಗಳ ಮರಿಗಳೂ ಹೆಚ್ಚು ಸಾಯ್ತವೆ. ಝೂನಲ್ಲೇ ಹುಟ್ಟಿ ಬೆಳೆದ ಪ್ರಾಣಿಗೆ ಪಾಲಕನ ಹೆಜ್ಜೆ ಸದ್ದು ಅಂದ್ರೆ ಊಟ. ನಮ್ಮ ಕಬ್ಬಿನ ಗದ್ದೆಯಿಂದ ಹೋದದ್ದಕ್ಕೆ ಅದೇ ಸದ್ದು ಕೋಲು, ಕೂಗಾಟ, ಮೊಬೈಲ್ ಲೈಟು. ಐದಾರು ವರ್ಷ ಮನುಷ್ಯರಿಂದ ತಪ್ಪಿಸಿಕೊಂಡು ಬದುಕಿದ ಪ್ರಾಣಿ ಉಳಿದ ಆಯಸ್ಸೆಲ್ಲ ಮನುಷ್ಯರ ನಡುವೆ ಕಳೀಬೇಕು.

ಹಾಗಂತ ಝೂಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಒಳ್ಳೇ ಝೂ ಅಂದ್ರೆ ಪ್ರಾಣಿಗೆ ಮಾಡೋಕೆ ಕೆಲಸ ಹುಡುಕಿ ಕೊಡೋ ಝೂ. ಬನ್ನೇರುಘಟ್ಟದ ಕರಡಿ ಕೇಂದ್ರ ಇದಕ್ಕೆ ಒಳ್ಳೇ ಉದಾಹರಣೆ. ನಮ್ಮ ಅಪ್ಪ ಅಮ್ಮನ ಕಾಲದಲ್ಲಿ ಊರೂರಿಗೆ ಕರಡಿ ಆಡಿಸುವವರು ಬರ್ತಿದ್ದರು. ಮೂತಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಕಿತ್ತು ಕುಣಿಸ್ತಿದ್ದ ಕರಡಿಗಳು. ಅವನ್ನ ಆಡಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಜೀವನೋಪಾಯಕ್ಕೆ ನೆರವು ಕೊಟ್ಟು, ಒಂದೊಂದಾಗಿ ಕರಡಿ ಬಿಡಿಸಿಕೊಂಡು, 2009ರಲ್ಲಿ ‘ರಾಜು’ ಅನ್ನೋ ಕೊನೆಯ ಕುಣಿಯೋ ಕರಡಿ ಈ ಕೇಂದ್ರಕ್ಕೆ ಬಂತು. ಅವುಗಳಲ್ಲಿ ಯಾವುದಕ್ಕೂ ಕಾಡಿಗೆ ಹೋಗಿ ಬದುಕೋ ಶಕ್ತಿ ಉಳಿದಿರಲಿಲ್ಲ. ಹಾಗಾಗಿ ಪಾಲಕರು ಮರದ ದಿಮ್ಮಿಯ ತೂತಿನಲ್ಲಿ ಜೇನು ಸವರಿ ಇಡ್ತಾರೆ, ಹಣ್ಣು ಬಚ್ಚಿಡ್ತಾರೆ, ಹತ್ತೋಕೆ ಅಟ್ಟ ಕಟ್ತಾರೆ. ಕರಡಿ ಮೂಸಿ, ಕೆರೆದು, ನಾಲಗೆ ಚಾಚಿ ಊಟ ಸಂಪಾದಿಸಬೇಕು. ತಟ್ಟೆಯಲ್ಲಿ ಕೊಟ್ಟರೆ ಐದು ನಿಮಿಷದ ಊಟ, ದಿಮ್ಮಿಯಲ್ಲಿ ಬಚ್ಚಿಟ್ಟರೆ ಎರಡು ಗಂಟೆಯ ಕೆಲಸ.

ಜೊತೆ ಇಲ್ಲದಿರೋದೂ ಒಂದು ಕಾಯಿಲೆಯೇ. ಮೈಸೂರು ಝೂನಲ್ಲಿ ಪೋಲೋ ಅಂತ ಒಂದು ಗೊರಿಲ್ಲಾ ಇತ್ತು, ನಮ್ಮ ದೇಶದಲ್ಲಿದ್ದ ಒಂದೇ ಒಂದು ಗೊರಿಲ್ಲಾ. ವರ್ಷಾನುಗಟ್ಟಲೆ ಒಂಟಿಯಾಗಿದ್ದು 2014ರಲ್ಲಿ ತೀರಿಕೊಂಡಿತು. ಆಮೇಲೆ 2021ರಲ್ಲಿ ಜರ್ಮನಿಯಿಂದ ಗೊರಿಲ್ಲಾ ತಂದಾಗ ಒಂದೇ ಒಂದನ್ನ ತರಲಿಲ್ಲ. ಥಾಬೋ, ಡೆಂಬಾ ಅಂತ ಎರಡು ಗಂಡುಗಳನ್ನ ಜೊತೆಯಾಗಿ ತಂದರು. ಅಷ್ಟರ ಮಟ್ಟಿಗೆ ಝೂಗಳೂ ಬದಲಾಗಿವೆ.

ಚಿರತೆ ಮರಿಗಳ ವಿಷಯ ಇಲ್ಲಿ ಹೇಳಲೇಬೇಕು, ಯಾಕಂದ್ರೆ ಇದು ನೇರವಾಗಿ ನಮ್ಮ ಕೈಯಲ್ಲಿರೋದು. ಕಬ್ಬು ಕಟಾವಿನ ಕಾಲದಲ್ಲಿ ಗದ್ದೆ ನಡುವೆ ಕಣ್ಣು ಬಿಡದ ಮರಿಗಳು ಸಿಗ್ತವೆ. ಬೆಕ್ಕಿನ ಮರಿ ಥರ ಮುದ್ದಾಗಿರ್ತವೆ. ಯಾರೋ ಎತ್ತಿಕೊಂಡು ಫೋಟೋ ತೆಗೆಸಿಕೊಳ್ತಾರೆ, ಇನ್ಯಾರೋ ಹಸುವಿನ ಹಾಲು ಕುಡಿಸ್ತಾರೆ, ಸಂಜೆ ಹೊತ್ತಿಗೆ ‘ಅನಾಥ ಮರಿಗಳ ರಕ್ಷಣೆ’ ಅಂತ ಸ್ಟೇಟಸ್ಸು. ಅವು ಅನಾಥ ಅಲ್ಲ. ತಾಯಿ ಪಕ್ಕದ ಗದ್ದೆಯಲ್ಲಿ ಕತ್ತಲಾಗೋದನ್ನ ಕಾಯ್ತಾ ಇರ್ತಾಳೆ. ಜುನ್ನರ್ ಕಡೆ ಅರಣ್ಯ ಇಲಾಖೆ ಮತ್ತು ಪಶುವೈದ್ಯರು ಮರಿಗಳನ್ನ ಪರೀಕ್ಷೆ ಮಾಡಿ, ಸಂಜೆ ಸಿಕ್ಕಿದ ಜಾಗದಲ್ಲೇ ಬುಟ್ಟಿಯಲ್ಲಿಟ್ಟು ದೂರ ಸರಿದು ಕಾಯ್ತಾರೆ. ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗ್ತಾಳೆ. ಹೀಗೆ ತಾಯಿ ಸೇರಿದ ಮರಿಗಳು ಅಲ್ಲಿ ಎಷ್ಟೋ. ಒಂದು ರಾತ್ರಿ ನಾವು ಸುಮ್ಮನಿದ್ದರೆ ಸಾಕು.

ಸುಮ್ಮನಿರದೆ ಎತ್ತಿಕೊಂಡು ಬಂದ ಮರಿಗೆ ಬೇಟೆ ಕಲಿಸುವವರು ಯಾರೂ ಇಲ್ಲ. ಬಾಟಲಿ ಹಾಲು ಕುಡಿದು ಬೆಳೆದ ಚಿರತೆ ಕಾಡಿಗೆ ಹೋಗಲ್ಲ. 2024ರ ಜೂನ್‌ನಲ್ಲಿ ಬನ್ನೇರುಘಟ್ಟದಲ್ಲಿ 20 ಹೆಕ್ಟೇರ್ ಜಾಗಕ್ಕೆ ಬೇಲಿ ಹಾಕಿ ಚಿರತೆ ಸಫಾರಿ ಶುರುವಾಯ್ತು. ನಮ್ಮ ಆಫೀಸಿನವರೆಲ್ಲ ಹೋಗಿ ರೀಲ್ಸ್ ಮಾಡಿ ಬಂದರು. ಅಲ್ಲಿಗೆ ಮೊದಲು ಬಿಟ್ಟ ಎಂಟು ಚಿರತೆಗಳು ಬೇರೆ ಬೇರೆ ಕಡೆಯಿಂದ ರಕ್ಷಿಸಿ ತಂದು ಅಲ್ಲೇ ಬೆಳೆಸಿದ ಎಳೇ ಚಿರತೆಗಳು. ಬೋನಿಗಿಂತ 20 ಹೆಕ್ಟೇರ್ ಸಾವಿರ ಪಾಲು ಮೇಲು, ನಿಜ. ಆದರೆ ಅದರೊಳಗೆ ಓಡಾಡೋ ಚಿರತೆ ನೋಡಿದಾಗ ನನಗೆ ಮೊದಲು ಬರೋ ಪ್ರಶ್ನೆ, ಇದನ್ನ ಯಾವ ಊರಿನ ಯಾರು ಎತ್ತಿಕೊಂಡರು?

ಆನೆ ಕತೆ ಬೇರೆ ದಾರಿಯದ್ದು, ಆದರೆ ಮುಟ್ಟೋ ಜಾಗ ಒಂದೇ. 2013ರಲ್ಲಿ ಹೈಕೋರ್ಟ್ ಆದೇಶ ಆದ ಮೇಲೆ ಮುಂದಿನ ವರ್ಷ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಸೆರೆಯಾದ ಕಾಡಾನೆಯನ್ನ ಪಳಗಿಸಬೇಕಾದರೆ ದಪ್ಪ ಮರದ ದಿಮ್ಮಿಯ ಕ್ರಾಲ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಿಸ್ತಾರೆ. ಹೊರಗೆ ಬಂದದ್ದು ಶಿಬಿರದ ಆನೆ. ಆ ಆನೆಯೇ ಮುಂದೆ ಇನ್ನೊಂದು ಕಾಡಾನೆ ಹಿಡಿಯೋಕೆ ಬರುತ್ತೆ. ನಮ್ಮ ಅರ್ಜುನನ ಬದುಕು ಪೂರಾ ಇದೇ. 1968ರಲ್ಲಿ ಕಾಕನಕೋಟೆಯಲ್ಲಿ ಸೆರೆ ಸಿಕ್ಕ ಆನೆ. 2012ರಿಂದ 2019ರವರೆಗೆ ಎಂಟು ಸಲ 750 ಕೆಜಿಯ ಅಂಬಾರಿ ಹೊತ್ತ. ಅರವತ್ತು ದಾಟಿ, ಅಂಬಾರಿಯಿಂದ ನಿವೃತ್ತಿ ಆದ ಮೇಲೂ ಕಾಡಾನೆ ಕಾರ್ಯಾಚರಣೆಗೆ ಕರೆತಂದರು. 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆ ಹತ್ತಿರ ಕಾಡಾನೆಯ ತಿವಿತಕ್ಕೆ ಸತ್ತ. ಅಲ್ಲೇ ಮಣ್ಣಾದ. ಆವತ್ತು ಮಾವ ಟಿವಿ ಮುಂದೆ ಕೂತು ಅತ್ತರು. ಸರ್ಕಾರಿ ಕೆಲಸದ ಮಾತು ಆವತ್ತು ಅವರ ಬಾಯಲ್ಲಿ ಬರಲಿಲ್ಲ.

ಇಷ್ಟು ಓದಿದ ಮೇಲೆ ನಾನು ಚಿಕ್ಕಪ್ಪನಿಗೆ ಫೋನ್ ಮಾಡಿ ಕಾಯ್ದೆ, ಜುನ್ನರ್ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

‘ಎಲ್ಲ ಸರಿ ಕಣವ್ವ. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟ್ ಬತ್ತದೆ. ಮೋಟ್ರು ಹಾಕಕ್ಕೆ ಗದ್ದೆ ತಾವ್ಕೆ ನಿಮ್ಮ ಚಿಕ್ಕಮ್ಮ ಹೋಗ್ಬೇಕು, ನಂಗೆ ಮಂಡಿನೋವು. ಅವ್ಳ್ನ ಏನ್ ಮಾಡ್ಲಿ?’

ಈ ಪ್ರಶ್ನೆಗೆ ಉತ್ತರ ಇಲ್ಲದೆ ಪ್ರಾಣಿ ಕಲ್ಯಾಣದ ಬಗ್ಗೆ ಮಾತಾಡಬಾರದು ಅಂತ ನನಗೆ ಅನ್ನಿಸುತ್ತೆ. 2022ರ ಕೊನೆಯಿಂದ 2023ರ ಜನವರಿವರೆಗೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ತರು, ಕಾಲೇಜು ಹುಡುಗ ಹುಡುಗಿ, ವಯಸ್ಸಾದ ಅಜ್ಜಿ, ಚಿಕ್ಕ ಹುಡುಗ. ಅವರ ಮನೆಯವರ ಮುಂದೆ ನಿಂತು ‘ಚಿರತೆಗೆ ಬೋನಲ್ಲಿ ಬೇಜಾರಾಗುತ್ತೆ’ ಅನ್ನೋಕೆ ಯಾರಿಂದಲೂ ಆಗಲ್ಲ. ಮನುಷ್ಯರನ್ನ ಕೊಂದ ಚಿರತೆಯನ್ನ ಹಿಡಿಯಲೇಬೇಕು, ಅದು ಬಂಧನದಲ್ಲೇ ಇರಬೇಕು. ಅದಕ್ಕೆ ಅಂತಲೇ ಪುನರ್ವಸತಿ ಕೇಂದ್ರದ ಬೋನು ಖಾಲಿ ಇರಬೇಕು. ನಾಯಿ ಹಿಡಿದದ್ದಕ್ಕೆ, ಬರೀ ಕಣ್ಣಿಗೆ ಬಿದ್ದದ್ದಕ್ಕೆ, ವಾಟ್ಸಾಪ್‌ನಲ್ಲಿ ಸಿಸಿಟಿವಿ ವಿಡಿಯೋ ಓಡಾಡಿದ್ದಕ್ಕೆ ಹಿಡಿದು ತುಂಬಿಸಿದರೆ ನಿಜವಾಗಿ ಬೇಕಾದಾಗ ಜಾಗ ಇರಲ್ಲ, ನೋಡಿಕೊಳ್ಳೋಕೆ ಕೈಯೂ ಇರಲ್ಲ. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಎಷ್ಟನ್ನ ಝೂಗೆ ಹಾಕ್ತೀರಿ?

ಝೂಗಳಿಗಾಗಿ ನಮ್ಮಂಥವರು ಏನೂ ಮಾಡ್ತಿಲ್ಲ ಅಂತಿಲ್ಲ. 2021ರ ಲಾಕ್‌ಡೌನ್‌ನಲ್ಲಿ ಟಿಕೆಟ್ ದುಡ್ಡು ನಿಂತಾಗ ನಟರೊಬ್ಬರು ಕೇಳಿಕೊಂಡರು ಅಂತ ಜನ ಮುಗಿಬಿದ್ದು ಪ್ರಾಣಿ ದತ್ತು ತಗೊಂಡರು. ದತ್ತು ಅಂದ್ರೆ ಮನೆಗೆ ತರೋದಲ್ಲ, ಒಂದು ಪ್ರಾಣಿಯ ಊಟದ ಖರ್ಚಿನ ಪಾಲು ಕಟ್ಟೋದು. ನಮ್ಮ ಟೀಮಿನವರು ಸೇರಿ ಒಂದು ಚಿರತೆಗೆ ಕಟ್ಟಿದ್ವಿ, ಸರ್ಟಿಫಿಕೇಟು ಇನ್ನೂ ಪ್ಯಾಂಟ್ರಿ ಗೋಡೆಯ ಮೇಲಿದೆ. ಅದು ಒಳ್ಳೇ ಕೆಲಸವೇ, ಕೈಲಾದವರು ಮಾಡಿ. ಹುಲಿ, ಆನೆಗೇ ಎಲ್ಲರೂ ಮುಗಿಬೀಳ್ತಾರೆ, ನರಿ, ಕತ್ತೆಕಿರುಬದ ಕಡೆಯೂ ಒಮ್ಮೆ ನೋಡಿ. ಝೂಗೆ ಹೋದಾಗ ಗಾಜು ತಟ್ಟಬೇಡಿ, ಕೂಗಬೇಡಿ, ಕೋತಿಗೆ ಚಿಪ್ಸ್ ಎಸೀಬೇಡಿ. ಇದು ಬರೀ ಶಿಷ್ಟಾಚಾರ ಅಲ್ಲ, ಅದೇ 1972ರ ಕಾಯ್ದೆಯ 38ಜೆ ಪ್ರಕಾರ ಅಪರಾಧ. ಮಲಗಿರೋ ಹುಲಿ ಮಲಗಿರಲಿ.

ಆದರೆ ಚಿಕ್ಕಪ್ಪನ ಪ್ರಶ್ನೆಗೆ ಸರ್ಟಿಫಿಕೇಟು ಉತ್ತರ ಅಲ್ಲ. ಹೋದ ಬೇಸಿಗೆಯಲ್ಲಿ ನಾವು ಅಕ್ಕ ತಂಗಿಯರು ಮತ್ತು ಚಿಕ್ಕಪ್ಪನ ಮಗ ಸೇರಿ ಆ ವರ್ಷದ ಗೋವಾ ಟ್ರಿಪ್ಪಿನ ದುಡ್ಡನ್ನ ಊರಿಗೆ ಹಾಕಿದ್ವಿ. ಕೊಟ್ಟಿಗೆಗೆ ಮೂರು ಕಡೆ ಗೋಡೆ ಇತ್ತು, ನಾಲ್ಕನೇ ಕಡೆಗೆ ಚೈನ್‌ಲಿಂಕ್ ಮೆಶ್, ಒಳಗಿಂದ ಚಿಲಕ ಹಾಕೋ ಕಬ್ಬಿಣದ ಬಾಗಿಲು. ಮೇಲೆ ಮಾಡಿನ ಸಂದಿಯನ್ನೂ ಮುಚ್ಚಿಸಿದ್ವಿ, ಚಿರತೆ ಹತ್ತೋಕೆ ಬಾಗಿಲು ಕೇಳಲ್ಲ. ಮೋಟ್ರಿಗೆ ಮೊಬೈಲಿಂದ ಆನ್ ಮಾಡೋ ಸ್ಟಾರ್ಟರ್ ಹಾಕಿಸಿದ್ವಿ. ಈಗ ಚಿಕ್ಕಮ್ಮ ಹಾಸಿಗೆಯಲ್ಲಿ ಮಲಗಿಕೊಂಡೇ ಫೋನಲ್ಲಿ ಮೋಟ್ರು ಹಾಕ್ತಾರೆ. ಮೊದಲ ವಾರ ಅವರಿಗೆ ನಂಬಿಕೆ ಬರದೆ ಬ್ಯಾಟರಿ ಹಿಡ್ಕೊಂಡು ಹೋಗಿ ನೀರು ಬೀಳ್ತಿದೆಯಾ ಅಂತ ನೋಡಿ ಬರ್ತಿದ್ದರು. ಕೋಳಿ ಅಂಗಡಿಯವನಿಗೆ ಹೇಳಿ ಪುಕ್ಕ, ಕರುಳು ನಾಲೆ ದಂಡೆಗೆ ಸುರಿಯೋದನ್ನ ನಿಲ್ಲಿಸೋಕೆ ಮಾತ್ರ ಮೂರು ತಿಂಗಳು ಹಿಡೀತು, ಜಗಳವೂ ಆಯ್ತು. ಅದು ನಿಂತ ಮೇಲೆ ಊರಂಚಿನ ನಾಯಿಗಳು ಕಮ್ಮಿಯಾದವು.

ಕಬ್ಬಿನಲ್ಲಿ ಹೆಜ್ಜೆ ಈಗಲೂ ಕಾಣುತ್ತಂತೆ. ಆದರೆ ಕರು ಹೋಗಿಲ್ಲ. ಕರು ಹೋಗದೇ ಇದ್ದುದಕ್ಕೆ ಗಲಾಟೆ ಆಗಿಲ್ಲ, ಗಲಾಟೆ ಆಗದೇ ಇದ್ದುದಕ್ಕೆ ಬೋನು ಬಂದಿಲ್ಲ. ಮೊನ್ನೆ ಊರಿನ ಗ್ರೂಪಲ್ಲಿ ಯಾರೋ ಹೆಜ್ಜೆ ಫೋಟೋ ಹಾಕಿ ‘ಹಿಡ್ದು ಝೂಗೆ ಹಾಕ್ಸಿ’ ಅಂತ ಬರೆದಿದ್ದರು. ಅದರ ಕೆಳಗೆ ಚಿಕ್ಕಪ್ಪ ಟೈಪ್ ಮಾಡೋಕೆ ಬರದೆ ವಾಯ್ಸ್ ಮೆಸೇಜ್ ಹಾಕಿದ್ದಾರೆ: ‘ಮೊದ್ಲು ನಿನ್ ಕೊಟ್ಟಿಗೆಗೆ ಬಾಗ್ಲು ಹಾಕ್ಸಪ್ಪ.’